ಫರಾಸಖಾನೆಯ ಮುಂದೆ ಒಂದು ನಿಮಿಷ

ಕಳೆದ ಭಾನುವಾರ ಮಗನ ಒತ್ತಾಯಕ್ಕೆ 'ಆಂಥ್ರೊಪಾಯ್ಡ್' ನೋಡಿದೆ. 2016ರ ಸಿನೆಮಾ, ಆದರೆ ಕತೆ ನಿಜವಾಗಿ ನಡೆದದ್ದು. 1942ರ ಮೇ 27ರಂದು, ನಾಜಿಗಳ ವಶದಲ್ಲಿದ್ದ ಪ್ರಾಗ್ ನಗರದಲ್ಲಿ, ಅಲ್ಲಿನ ಆಡಳಿತಗಾರ ಹೈಡ್ರಿಚ್‌ನ ಕಾರಿಗೆ ಗಾಬ್ಚಿಕ್ ಮತ್ತು ಕುಬಿಶ್ ಎಂಬಿಬ್ಬರು ಹೊಂಚು ಹಾಕುತ್ತಾರೆ. ಒಬ್ಬನ ಬಂದೂಕು ಕೈಕೊಡುತ್ತದೆ, ಇನ್ನೊಬ್ಬ ಬಾಂಬ್ ಎಸೆಯುತ್ತಾನೆ. ಗಾಯಗೊಂಡ ಹೈಡ್ರಿಚ್ ಜೂನ್ 4ರಂದು ಸತ್ತ. ಇವರ ಗುಂಪಿನವನೇ ಆದ ಚುರ್ದಾ ಸುಳಿವು ಕೊಟ್ಟುಬಿಟ್ಟ. ಜೂನ್ 18ರಂದು ಚರ್ಚೊಂದರಲ್ಲಿ ಅಡಗಿದ್ದ ಏಳೂ ಮಂದಿ ಸತ್ತರು. ಜೀವಂತ ಸಿಗಬಾರದೆಂದು ಕೆಲವರು ತಾವೇ ಪ್ರಾಣ ಕಳೆದುಕೊಂಡರು.

"ಅಪ್ಪಾ, ಇಂಥಾದ್ದು ನಮ್ಮ ಕಡೆ ಆಗಿಲ್ಲೇನು?" ಅಂತ ಮಗ ಕೇಳಿದ. ಆಗಿದೆ. ಸಾಸವಡದಿಂದ ದಿವೆ ಘಾಟ ಇಳಿದು ಹೋದರೆ ಸಿಗುವ ಪುಣೆಯಲ್ಲೇ ಆಗಿದೆ. ಅದೂ ಒಂದು ಸಿನೆಮಾ ಥಿಯೇಟರಿನಲ್ಲಿ.

1942ರ ಆಗಸ್ಟಿನಲ್ಲಿ 'ಭಾರತ ಬಿಟ್ಟು ತೊಲಗಿ' ಎಂದ ಕೂಡಲೇ ಗಾಂಧೀಜಿಯವರನ್ನು ಪುಣೆಯ ಆಗಾಖಾನ್ ಅರಮನೆಯಲ್ಲಿ ಇಟ್ಟರು. ನಾಯಕರೆಲ್ಲ ಜೈಲಿಗೆ ಹೋದ ಮೇಲೆ ಚಳವಳಿ ಭೂಗತವಾಯಿತು. 1943ರ ಜನವರಿ 24ರ ರಾತ್ರಿ ಕ್ಯಾಂಪಿನ ಕ್ಯಾಪಿಟಲ್ ಥಿಯೇಟರಿನಲ್ಲಿ ಬಾಂಬ್ ಸಿಡಿಯಿತು. ಸಿನೆಮಾ ನೋಡುತ್ತಿದ್ದ ಬ್ರಿಟಿಷ್ ಸೈನ್ಯದವರು ಸತ್ತರು. ಆ ಥಿಯೇಟರಿಗೇ ಮುಂದೆ 'ವಿಕ್ಟರಿ' ಎಂಬ ಹೆಸರು ಬಂತು. ಬಾಂಬಿಗೆ ಬೇಕಾದ ಸ್ಫೋಟಕ ಎಲ್ಲಿಂದ ಬಂತು ಗೊತ್ತೇ? ಸರಕಾರದ್ದೇ ಮದ್ದುಗುಂಡಿನ ಉಗ್ರಾಣದಿಂದ! ಅಲ್ಲಿ ಕೆಲಸಕ್ಕಿದ್ದ ಭಾಸ್ಕರ ಕರ್ಣಿಕ್ ಮತ್ತು ಗೆಳೆಯರು ಅದನ್ನು ಗುಟ್ಟಾಗಿ ಹೊರಗೆ ಸಾಗಿಸಿದ್ದರು. ಪೊಲೀಸರು ಕರ್ಣಿಕರನ್ನು ಹಿಡಿದು ಫರಾಸಖಾನೆ ಠಾಣೆಗೆ ತಂದಾಗ ಅವರು ಸಯನೈಡ್ ನುಂಗಿದರು. ಜೊತೆಗಾರರ ಹೆಸರುಗಳು ಅವರೊಂದಿಗೇ ಹೋದವು.

ನಮ್ಮ ಕನ್ನಡ ನಾಡಿನಲ್ಲೂ ಅದೇ ಹೊತ್ತಿಗೆ ಇಂಥದೇ ನಡೆಯುತ್ತಿತ್ತು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದ ಕನ್ನಡಿಗ. 1942ರಲ್ಲಿ ಅವರೂ ಭೂಗತರಾದರು. ಬ್ಯಾಂಕಿನವನಾದ ನನಗೆ ಅವರ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ಹಳ್ಳಿಯಲ್ಲಿ ಸರಕಾರ ಎಂದರೆ ಕಂದಾಯ, ಕಂದಾಯ ನಿಂತರೆ ಸರಕಾರ ನಿಂತಂತೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಅವರು, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಪೊಲೀಸರ ಗುಂಡಿಗೆ ಬಲಿಯಾದರು. ಮಹಾದೇವಪ್ಪನವರಿಗೆ ಆಗ 31 ವರ್ಷ.

ಹಾಗೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹೈಡ್ರಿಚ್ ಸತ್ತ ಸೇಡಿಗೆ ನಾಜಿಗಳು ಜೂನ್ 10ರಂದು ಲಿಡಿತ್ಸೆ ಎಂಬ ಹಳ್ಳಿಯಲ್ಲಿ 173 ಗಂಡಸರನ್ನು ಗುಂಡಿಕ್ಕಿ ಕೊಂದು, ಊರನ್ನೇ ನೆಲಸಮ ಮಾಡಿದರು. ಇಲ್ಲಿ ಬ್ರಿಟಿಷರು ಗುಂಡು ಹಾರಿಸಿದರು, ಗಲ್ಲಿಗೇರಿಸಿದರು, ಊರಿಗೆ ಊರೇ ಪುಂಡುಗಂದಾಯ ಕಟ್ಟುವಂತೆ ಮಾಡಿದರು. ಆದರೆ ಲಿಡಿತ್ಸೆ ಬೇರೆಯೇ. ಇನ್ನೊಂದು ವಿಚಿತ್ರ ನೋಡಿ. ಕನ್ನಡಿಗರಿಗೆ ಪುರಂದರಗಡ ಎಂದರೆ ದಾಸರ ನೆನಪು. ಸಾಸವಡದ ಹತ್ತಿರದ ಇದೇ ಕೋಟೆಯಲ್ಲಿ ಯುದ್ಧದ ವೇಳೆ ಬ್ರಿಟಿಷರು ಜರ್ಮನಿಯಿಂದ ಬಂದವರನ್ನು 'ಶತ್ರುದೇಶದವರು' ಎಂದು ಕೂಡಿಹಾಕಿದ್ದರು. ಅವರಲ್ಲಿ ಹಿಟ್ಲರನಿಗೆ ಹೆದರಿ ಓಡಿಬಂದಿದ್ದ ಯಹೂದಿ ಕುಟುಂಬಗಳೂ ಇದ್ದವು!

ಆಳುವವರು ಬೇರೆ ಬೇರೆ, ಕ್ರೌರ್ಯದ ಪ್ರಮಾಣವೂ ಬೇರೆ. ಎರಡೂ ಕಡೆ ಒಂದೇ ಆಗಿದ್ದದ್ದು, ಬಾಯಿ ಬಿಡಬಾರದು ಎಂಬ ಹಟ. ಬಾಂಬ್ ಎಸೆಯಲು ಒಂದು ಕ್ಷಣದ ಧೈರ್ಯ ಸಾಕು ಅನ್ನೋಣ. ಸಿಕ್ಕಿಬಿದ್ದ ಮೇಲೂ ಗೆಳೆಯರ ಹೆಸರು ಹೇಳದಿರುವುದಕ್ಕೆ ಎಂಥ ಧೈರ್ಯ ಬೇಕು! ಬಾಯಿ ಬಿಟ್ಟ ಚುರ್ದಾನನ್ನು 1947ರಲ್ಲಿ ಅವನ ದೇಶದವರೇ ಗಲ್ಲಿಗೇರಿಸಿದರು. ಬಾಯಿ ಬಿಡದ ಕರ್ಣಿಕರಿಗೆ ಫರಾಸಖಾನೆಯಲ್ಲೇ ಸ್ಮಾರಕವಿದೆ.

ಊರಿಂದ ಬಂದ ನೆಂಟರನ್ನೆಲ್ಲ ನಾವು ದಗಡೂಶೇಠ ಗಣಪತಿಗೆ ಕರೆದುಕೊಂಡು ಹೋಗುತ್ತೇವಲ್ಲ? ಫರಾಸಖಾನೆ ಅಲ್ಲೇ ಪಕ್ಕದಲ್ಲಿದೆ. ಮುಂದಿನ ಸಲ ಪ್ರಸಾದ ತೆಗೆದುಕೊಂಡು ಬರುವಾಗ ಒಂದು ನಿಮಿಷ ಅಲ್ಲಿ ನಿಲ್ಲಿ. ಮಕ್ಕಳಿಗೆ ಕರ್ಣಿಕರ ಕತೆ ಹೇಳಿ, ಹಾಗೇ ಮಹಾದೇವಪ್ಪನವರದ್ದೂ ಹೇಳಿ.