ಜಲಸಂಗ್ವಿಯ ಬರೆಹಗಾರ್ತಿ

ನಾಡಿನ ಬಡಗಣ ತುದಿಯ ಬಸವಕಲ್ಯಾಣಕ್ಕೆ ಹೋದವರು ಕೋಟೆಯನ್ನು ನೋಡುತ್ತಾರೆ; 2012ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಬಸವೇಶ್ವರ ಪ್ರತಿಮೆಯ ಮುಂದೆ ತಲೆಯೆತ್ತಿ ನಿಲ್ಲುತ್ತಾರೆ. ಕೊಹಿನೂರದಂಥ ಸುತ್ತಣ ಹಳ್ಳಿಗಳಿಂದ ಬಂದವರು ಅಷ್ಟಕ್ಕೇ ಹಿಂದಿರುಗುವುದೂ ಉಂಟು. ಆದರೆ ಚಾಲುಕ್ಯರ ಕಲ್ಯಾಣವೆಲ್ಲಿ? ಒಂದನೆಯ ಸೋಮೇಶ್ವರನು ರಾಜಧಾನಿಯಾಗಿಸಿದ, ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ ಸುಮಾರು 50 ವರ್ಷ ಆಳಿದ, ಕಾಶ್ಮೀರದ ಬಿಲ್ಹಣ ಕವಿ ಆಶ್ರಯ ಪಡೆದ ನಗರವದು. ಆ ಅರಮನೆ ಇಂದು ಕಣ್ಣಿಗೆ ಬೀಳದು.

ಅದರ ವೈಭವದ ಒಂದು ತುಣುಕನ್ನು ಕಾಣಬೇಕಾದರೆ ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಗೆ ಹೋಗಬೇಕು. ಅಲ್ಲಿಯ ಶಿವಾಲಯದ ಹೊರಗೋಡೆಯ ತುಂಬ ಶಿಲಾಬಾಲಿಕೆಯರು. ಬೇಲೂರಿನ ಮದನಿಕೆಯರನ್ನು ಮೆಚ್ಚಿದವರಿಗೆ ಇವರು ಹೊಸಬರೆನಿಸಲಾರರು. ಅವರಲ್ಲೊಬ್ಬಳು ಕನ್ನಡಿ ಹಿಡಿದಿಲ್ಲ, ಕುಣಿಯುತ್ತಲೂ ಇಲ್ಲ, ಶಾಸನ ಬರೆಯುತ್ತಿದ್ದಾಳೆ! ಏಳು ದ್ವೀಪಗಳ ಭೂಮಿಯನ್ನೆಲ್ಲ ವಿಕ್ರಮಾದಿತ್ಯನು ತನ್ನದಾಗಿಸಿಕೊಳ್ಳುವನೆಂದು ಅವಳ ಸಂಸ್ಕೃತ ಬರೆಹ ಸಾರುತ್ತದೆ. ಏಳು ದ್ವೀಪಗಳ ಮಾತಿರಲಿ, ದಕ್ಷಿಣದಲ್ಲಿ ಚೋಳ ಕುಲೋತ್ತುಂಗನೇ ಅಡ್ಡವಾಗಿದ್ದ. ಅರಸನು ತನ್ನ ಹೆಸರಿನಲ್ಲಿ ಹೂಡಿದ ಚಾಲುಕ್ಯ ವಿಕ್ರಮ ಶಕೆಯೂ ಬಳಕೆಯಿಂದ ಮರೆಯಾಯಿತು. ಹೊಗಳಿಕೆಯನ್ನು ಶಿಲ್ಪಿಯು ಬರಿಯ ಬಂಡೆಯ ಮೇಲೆ ಕೊರೆದು ಕೈತೊಳೆದುಕೊಳ್ಳಬಹುದಾಗಿತ್ತು. ಅವನು ಅದನ್ನು ಅಕ್ಷರ ಬಲ್ಲ ಹೆಣ್ಣೊಬ್ಬಳ ಕೈಗೆ ಕೊಟ್ಟ. ಇಂದು ನೋಡುವವನ ಕಣ್ಣು ಅರಸನ ಹೆಸರಿಗಿಂತ ಮೊದಲು ಆ ಕೈಯನ್ನೇ ಅರಸುತ್ತದೆ.