ಕಥೆಗಾರನ ಮರೆವು, ವಾಚಕನ ನೆನಪು

ಕಥೆ ಕೇಳುವ ಮಗುವಿಗಿಂತ ಕಠಿಣ ಪರೀಕ್ಷಕರು ಇನ್ನಿಲ್ಲ. ನಿನ್ನೆ ಮೂವರು ಮಕ್ಕಳಿದ್ದ ರಾಜನಿಗೆ ಇಂದು ನಾಲ್ವರಾದರೆ ಮಗು ಅಜ್ಜಿಯನ್ನು ಅಲ್ಲಿಯೇ ತಡೆಯುತ್ತದೆ. ಅಜ್ಜಿಯೂ ಕಡಮೆಯವಳಲ್ಲ, "ಇವನು ಬೇರೆ ಊರಿನ ರಾಜ ಕಣೋ" ಎಂದು ಜಾರಿಕೊಳ್ಳುತ್ತಾಳೆ. ಅಮೆರಿಕದ ಅತಿಮಾನುಷ ವೀರರ ಚಲಚ್ಚಿತ್ರಗಳಲ್ಲಿ ಈಗ ಮೇಲಿಂದ ಮೇಲೆ ಕೇಳಿಬರುವ 'ಮಲ್ಟಿವರ್ಸ್', ಎಂದರೆ ಬಹುವಿಶ್ವ, ಹುಟ್ಟಿದ್ದು ಹೆಚ್ಚುಕಡಮೆ ಇಂಥದೇ ಒಂದು ಉತ್ತರದಿಂದ.

ಅದರ ತೌರುಮನೆ ಸಿನಿಮಾ ಅಲ್ಲ, ಹತ್ತು ಸೆಂಟಿನ ಚಿತ್ರಕಥೆಯ ಪುಸ್ತಕ. 1940ರಲ್ಲಿ ಗಾರ್ಡನರ್ ಫಾಕ್ಸ್ ಎಂಬ ಲೇಖಕ, ಚಿತ್ರಕಾರ ಹ್ಯಾರಿ ಲ್ಯಾಂಪರ್ಟನ ಜೊತೆಗೂಡಿ, ಮಿಂಚಿನ ವೇಗದಲ್ಲಿ ಓಡಬಲ್ಲ 'ಫ್ಲ್ಯಾಶ್' ಎಂಬ ವೀರನನ್ನು ಸೃಷ್ಟಿಸಿದ. ಅವನ ನಿಜನಾಮ ಜೇ ಗ್ಯಾರಿಕ್. ಯುದ್ಧ ಮುಗಿದ ಮೇಲೆ ಇಂಥ ವೀರರ ಮೇಲಿನ ಮೋಹ ಇಳಿಯಿತು. 1949ರಲ್ಲಿ ಅವನ ಪತ್ರಿಕೆಯೂ ನಿಂತಿತು. 1956ರಲ್ಲಿ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಆ ಹೆಸರನ್ನು ಮತ್ತೆ ತಂದಾಗ ವೀರ ಬೇರೆಯವನಾಗಿದ್ದ: ಪೋಲೀಸ್ ಇಲಾಖೆಯ ವಿಜ್ಞಾನಿ ಬ್ಯಾರಿ ಆಲೆನ್. ಈ ಹೊಸಬ ಹಳಬನನ್ನು ಬಲ್ಲದ್ದು ಚಿತ್ರಕಥೆಯಲ್ಲಿ ಓದಿ ಮಾತ್ರ!

ಹಾಗಾದರೆ ಹಳೆಯ ಫ್ಲ್ಯಾಶ್ ಇದ್ದನೋ ಇಲ್ಲವೋ? 1961ರಲ್ಲಿ 'ಫ್ಲ್ಯಾಶ್ ಆಫ್ ಟೂ ವರ್ಲ್ಡ್ಸ್' ಎಂಬ ಕಥೆಯಲ್ಲಿ ಫಾಕ್ಸನೇ ಉತ್ತರ ಕೊಟ್ಟ. ಒಂದೇ ಜಾಗದಲ್ಲಿ ಎರಡು ಭೂಮಿಗಳಿವೆ. ಅವುಗಳ ಕಂಪನದ ಗತಿ ಬೇರೆಯಾದ್ದರಿಂದ ಒಂದಕ್ಕೊಂದು ಕಾಣುವುದಿಲ್ಲ. ಜೇ ಆ ಭೂಮಿಯವನು, ಬ್ಯಾರಿ ಈ ಭೂಮಿಯವನು. ಈ ಭೂಮಿಯಲ್ಲಿ ಗಾರ್ಡನರ್ ಫಾಕ್ಸ್ ಎಂಬೊಬ್ಬ ಲೇಖಕ ನಿದ್ದೆಯಲ್ಲಿ ಆ ಭೂಮಿಯ ಸಂಗತಿಗಳನ್ನು ಕಂಡು ಬರೆದನಂತೆ! ಪೂರ್ವಾಪರ ವಿರೋಧವನ್ನು ನೀಗಲು ಕಥೆಗಾರ ತನ್ನನ್ನೇ ಸಾಕ್ಷಿಯಾಗಿ ಕಥೆಯೊಳಕ್ಕೆ ಎಳೆದುಕೊಂಡ ಈ ಜಾಣತನಕ್ಕೆ ತಲೆದೂಗದಿರುವುದು ಕಷ್ಟ.

ಇಂಥ ಜಾಣತನ ಬೇಕಾದದ್ದು ವಾಚಕರು ಮರೆಯುವವರಲ್ಲವಾದ್ದರಿಂದ. ಈ ಪುಸ್ತಕಗಳಲ್ಲಿ ವಾಚಕರ ಪತ್ರಗಳಿಗೆ ಒಂದು ಪುಟವಿತ್ತು. ಶ್ವಾರ್ಟ್ಸ್ ಪತ್ರಗಳೊಡನೆ ಬರೆದವರ ವಿಳಾಸವನ್ನೂ ಅಚ್ಚುಮಾಡತೊಡಗಿದ. ಎಲ್ಲೆಲ್ಲಿಯೋ ಇದ್ದ ಓದುಗರು ಒಬ್ಬರಿಗೊಬ್ಬರು ಬರೆದುಕೊಳ್ಳುವಂತಾಯಿತು. ಜೆರ್ರಿ ಬೇಲ್ಸ್ ಎಂಬ ಅಭಿಮಾನಿ 1961ರಲ್ಲಿ 'ಆಲ್ಟರ್ ಈಗೋ' ಎಂಬ ಪತ್ರಿಕೆಯನ್ನೇ ಹೊರಡಿಸಿದ. ಅವನ ಸಹಚರ ರಾಯ್ ಥಾಮಸ್ 1965ರಲ್ಲಿ ಮಾರ್ವೆಲ್ ಸಂಸ್ಥೆಯ ಲೇಖಕನಾಗಿ, 1972ರಲ್ಲಿ ಅದರ ಪ್ರಧಾನ ಸಂಪಾದಕನೂ ಆದ. ಪತ್ರ ಬರೆಯುತ್ತಿದ್ದ ಅಭಿಮಾನಿಯೇ ಕಥೆಗಾರನ ಪೀಠವೇರಿದ.

ಆ ಮಾರ್ವೆಲ್‌ನಲ್ಲಿ ಸ್ಟ್ಯಾನ್ ಲೀ ಒಂದೇ ವೇಳೆಗೆ ಹಲವು ಕಥೆಗಳನ್ನು ಬರೆಯುತ್ತಿದ್ದ. 1964ರಲ್ಲಿ, 'ಹಲ್ಕ್' ಆಗಿ ಮಾರ್ಪಡುವ ಬ್ರೂಸ್ ಬ್ಯಾನರನನ್ನು ಮರೆತು 'ಬಾಬ್ ಬ್ಯಾನರ್' ಎಂದು ಬರೆದುಬಿಟ್ಟ. ಓದುಗರು ಹಿಡಿದರು. ಅವನ ಪೂರ್ತಿ ಹೆಸರು 'ರಾಬರ್ಟ್ ಬ್ರೂಸ್ ಬ್ಯಾನರ್' ಎಂದು ಲೀ ತೀರ್ಪು ಕೊಟ್ಟ! ತಪ್ಪು ತೋರಿಸಿ, ಅದು ತಪ್ಪಲ್ಲವೆಂದು ಸಮರ್ಥಿಸಿಯೂ ಬರೆದ ವಾಚಕರಿಗೆ 'ನೋ-ಪ್ರೈಜ್' ಎಂಬ ಬಹುಮಾನವನ್ನೂ ಹೂಡಿದ. ಅಂಚೆಯಲ್ಲಿ ಬರುತ್ತಿದ್ದುದು ಬರಿಯ ಖಾಲಿ ಲಕೋಟೆ. ಅದನ್ನೂ ಜನ ಜೋಪಾನವಾಗಿ ಇಟ್ಟುಕೊಂಡರು.

ಇತ್ತ ಫ್ಲ್ಯಾಶ್‌ನ ಪ್ರಕಾಶಕರಾದ ಡಿ.ಸಿ. ಸಂಸ್ಥೆಯಲ್ಲಿ ಎರಡು ಭೂಮಿಗಳು ಹತ್ತಾರಾದವು. ಹಿಂದೊಮ್ಮೆ ಭೇಟಿಯಾಗಿದ್ದವರು ಮುಂದೊಮ್ಮೆ ಗುರುತೇ ಇಲ್ಲದಂತೆ ಏಕೆ ನಡೆದುಕೊಂಡರೆಂದು ಕೇಳಿದ ವಾಚಕರ ಪತ್ರವೊಂದು ಸಂಪಾದಕ ಮಾರ್ವ್ ವೋಲ್ಫ್‌ಮನ್‌ನ ಮನಸ್ಸಿನಲ್ಲಿ ನಾಟಿತು. 1985ರಲ್ಲಿ ಅವನೂ ಚಿತ್ರಕಾರ ಜಾರ್ಜ್ ಪೆರೆಜ್‌ನೂ ಹನ್ನೆರಡು ಸಂಚಿಕೆಗಳ 'ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್' ಬರೆದು, ಲೋಕಗಳನ್ನೆಲ್ಲ ಅಳಿಸಿ ಒಂದನ್ನೇ ಉಳಿಸಿದರು. ಬ್ಯಾರಿ ಆಲೆನ್ ಅದರಲ್ಲಿ ಪ್ರಾಣ ಕೊಟ್ಟ. ಓದುಗರು ಅವನಿಗಾಗಿ ಮರುಗಿದರು. ಆದರೆ ಮುಂದೆ ಲೋಕಗಳು ಮರಳಿದವು. 2008ರಲ್ಲಿ ಬ್ಯಾರಿಯೂ ಮರಳಿದ. ಬೇರೊಂದು ಲೋಕದ ಬಾಗಿಲು ಸದಾ ತೆರೆದಿದ್ದರೆ ತಪ್ಪಿಗೆ ಶಿಕ್ಷೆಯಿಲ್ಲ, ನಿಜ. ಸಾವಿಗೆ ತೂಕವೂ ಇಲ್ಲ. ಕೇಳುವವನ ಕಣ್ಣೀರನ್ನು ಸಾಲ ಪಡೆದು ತೀರಿಸದ ಕಥೆ ಅದು.

ಇದೇ ವ್ಯಾಜ್ಯ ಈಗ ಬೆಳ್ಳಿತೆರೆಗೆ ಬಂದಿದೆ. 2017ರ 'ಸ್ಪೈಡರ್-ಮ್ಯಾನ್: ಹೋಮ್‌ಕಮಿಂಗ್' ಚಿತ್ರದಲ್ಲಿ, 2012ರ 'ಅವೆಂಜರ್ಸ್' ಚಿತ್ರದ ಯುದ್ಧವಾದ ಬಳಿಕ 'ಎಂಟು ವರ್ಷಗಳ ನಂತರ' ಎಂಬ ಬರಹ ಮೂಡಿತು. ಉಳಿದ ಚಿತ್ರಗಳ ಲೆಕ್ಕದಂತೆ ಅದು ನಾಲ್ಕಾಗಬೇಕಿತ್ತು. ಅಭಿಮಾನಿಗಳು ಬೆರಳು ಮಡಿಸಿ ಎಣಿಸಿದರು. 2021ರ 'ನೋ ವೇ ಹೋಮ್' ಇನ್ನೊಂದು ತೊಡಕು ತಂದಿತು. ಪೀಟರ್ ಪಾರ್ಕರನೇ ಸ್ಪೈಡರ್-ಮ್ಯಾನ್ ಎಂಬುದನ್ನು ಬಲ್ಲವರನ್ನು ಒಂದು ಮಂತ್ರ ಪರಲೋಕಗಳಿಂದ ಸೆಳೆದು ತರುತ್ತದೆ. ಬಂದ ಐವರು ಖಳರು ಹಳೆಯ ಚಿತ್ರಗಳವರು. ಆದರೆ ಅವರಲ್ಲೊಬ್ಬನಾದ ಎಲೆಕ್ಟ್ರೋ, 2014ರ ಚಿತ್ರದಲ್ಲಿ ಆ ಗುಟ್ಟನ್ನು ತಿಳಿದವನೇ ಅಲ್ಲ. ಹಾಗಿರುವಲ್ಲಿ ಅವನು ಬಂದದ್ದು ಹೇಗೆ? ನೋಡಿ, ಅಜ್ಜಿಯನ್ನು ತಡೆದ ಮಗು ಇನ್ನೂ ಎಚ್ಚರವಾಗಿದೆ.

ಇದು ಬರಿಯ ಕೊಂಕು ತೆಗೆಯುವ ಚಪಲವೆಂದು ತಳ್ಳಿಹಾಕುವವರು ಅದೇ ಚಿತ್ರದ ಇನ್ನೊಂದು ಸನ್ನಿವೇಶವನ್ನು ನೆನೆಯಬೇಕು. 2014ರ ಚಿತ್ರದಲ್ಲಿ ಆಂಡ್ರ್ಯೂ ಗಾರ್‌ಫೀಲ್ಡ್ ಅಭಿನಯಿಸಿದ ಸ್ಪೈಡರ್-ಮ್ಯಾನ್, ಮೇಲಿಂದ ಬೀಳುತ್ತಿದ್ದ ತನ್ನ ಪ್ರಿಯತಮೆ ಗ್ವೆನ್‌ಳನ್ನು ಉಳಿಸಿಕೊಳ್ಳಲಾರದೆ ಹೋಗಿದ್ದ. ಏಳು ವರ್ಷಗಳ ಬಳಿಕ, ಬೇರೊಂದು ಲೋಕದಲ್ಲಿ, ಬೇರೊಬ್ಬನ ಪ್ರಿಯತಮೆ ಹಾಗೆಯೇ ಬೀಳುವಾಗ ಅವನು ಹಾರಿ ಹಿಡಿಯುತ್ತಾನೆ. ನೆಲಕ್ಕಿಳಿಸಿದ ಮೇಲೆ ಅವನ ಕಣ್ಣು ತುಂಬುತ್ತದೆ. ಹಿಂದಿನದನ್ನು ಮರೆತವನಿಗೆ ಅಲ್ಲಿ ಕಾಣುವುದು ಒಂದು ಸಾಹಸ ಮಾತ್ರ. ನೆನಪಿದ್ದವನಿಗೆ ಏಳು ವರ್ಷದ ಶೋಕ.

ಕಥೆಗಾರನ ತಪ್ಪು ಹಿಡಿಯುವುದೂ ಆ ನೆನಪೇ, ಅವನ ಪಾತ್ರದೊಡನೆ ಅಳುವುದೂ ಆ ನೆನಪೇ. ಎರಡನೆಯದು ಬೇಕೆನ್ನುವವನು ಮೊದಲನೆಯದನ್ನು ಸಹಿಸಿಕೊಳ್ಳಲೇಬೇಕು.