ಅಕ್ಕಿಗಾಗಿ ಮತ ಬಿಟ್ಟವರೇ? - ಒಂದು ಹಳೆಯ ಹೆಂಚಿನ ನೆಪದಲ್ಲಿ

ಕಳೆದ ಬೇಸಿಗೆಯಲ್ಲಿ ಊರಿನ ಹಳೆಯ ಮನೆಯ ಮಾಡು ಇಳಿಸಿದೆವು. ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು, ಇನ್ನೊಂದು ಮಳೆಗಾಲ ನಿಲ್ಲುವ ಹಾಗಿರಲಿಲ್ಲ. ಕೆಲಸದವರು ಇಳಿಸಿಕೊಟ್ಟ ಹೆಂಚುಗಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸುತ್ತಾ ಇದ್ದೆ. ಒಂದನ್ನು ತಿರುಗಿಸಿ ಪಾಚಿ ಉಜ್ಜಿದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬಾಸೆಲ್ ಮಿಶನ್ನಿನ ಹೆಸರು. ಮುತ್ತಜ್ಜನ ಕಾಲದ ಹೆಂಚು. ಅದನ್ನು ಹಿಡಿದುಕೊಂಡು ಕೂತವನಿಗೆ ಏಳನೇ ಕ್ಲಾಸಿನ ಒಂದು ಮಧ್ಯಾಹ್ನ ನೆನಪಾಯಿತು.

ಊಟದ ಬಿಡುವಿನಲ್ಲಿ ಒಬ್ಬ ಗೆಳೆಯ ಕೇಳಿದ್ದ - "ನಿಮ್ಮವರು ಅಕ್ಕಿಗಾಗಿ, ಹೆಂಚಿನ ಫ್ಯಾಕ್ಟರಿ ಕೆಲಸಕ್ಕಾಗಿ ಜಾತಿ ಬಿಟ್ಟವರಂತೆ, ಹೌದಾ?" ಅವನಿಗೆ ಕುಹಕ ಇರಲಿಲ್ಲ, ಮನೆಯಲ್ಲಿ ಕೇಳಿದ್ದನ್ನು ಹೇಳಿದ್ದ ಅಷ್ಟೇ. ನನಗೆ ಮಾತ್ರ ತುತ್ತು ಇಳಿಯಲಿಲ್ಲ. ಸಂಜೆ ಅಜ್ಜಿಯ ಹತ್ತಿರ ಹೇಳಿದೆ. ಅಜ್ಜಿ ಅಕ್ಕಿ ಆರಿಸುತ್ತಾ ಇದ್ದವರು ತಲೆ ಎತ್ತದೆ ಹೇಳಿದ್ದು ಇಷ್ಟೇ: "ಅಕ್ಕಿ ಸಿಕ್ಕಿದ್ದಲ್ಲ ಮಗಾ, ಇದ್ದ ಅಕ್ಕಿಯೂ ಹೋದದ್ದು."

ಆ ಮಾತು ಅರ್ಥವಾಗಲು ನನಗೆ ತುಂಬಾ ವರ್ಷ ಬೇಕಾಯಿತು. ಇವತ್ತು ಅದನ್ನೇ ಸ್ವಲ್ಪ ಇತಿಹಾಸ ಸೇರಿಸಿ ಬರೆಯೋಣ ಅಂತ ಕೂತಿದ್ದೇನೆ.

ಮೊದಲು ಇಸವಿಗಳನ್ನು ಸರಿಯಾಗಿ ಜೋಡಿಸಿಕೊಳ್ಳೋಣ. ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಶುರುವಾದ ಸಂಸ್ಥೆ. ಅದರಲ್ಲಿದ್ದವರು ಹೆಚ್ಚಾಗಿ ದಕ್ಷಿಣ ಜರ್ಮನಿಯ ರೈತ ಮತ್ತು ಕುಶಲಕರ್ಮಿ ಮನೆಗಳ ಹುಡುಗರು. 1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು ಹೊಸದಾದಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ಇಲ್ಲಿಗೆ ಬರುವ ದಾರಿ ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೊಗ್ಲಿಂಗ್ ಬಂದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಅದೇ ಮೊಗ್ಲಿಂಗ್.

ಇನ್ನು ಹೆಂಚಿನ ಕಾರ್ಖಾನೆ ಯಾವಾಗ ಬಂತು? 1865ರಲ್ಲಿ. ಅಂದರೆ ಮೊದಲ ಮಿಶನರಿಗಳು ಬಂದು ಮೂವತ್ತೊಂದು ವರ್ಷ ಕಳೆದ ಮೇಲೆ! ನನ್ನ ಗೆಳೆಯನ ಪ್ರಶ್ನೆಯಲ್ಲಿ ಎಡವಟ್ಟಾಗಿದ್ದು ಇಲ್ಲೇ. ಕಾರ್ಖಾನೆ ನೋಡಿ ಜನ ಸೇರಿದ್ದಲ್ಲ. ಸೇರಿದ ಜನ ಕೈಯಲ್ಲಿದ್ದದ್ದನ್ನು ಕಳೆದುಕೊಂಡು ನಿಂತಿದ್ದರು, ಅವರಿಗೆ ಏನಾದರೂ ದಾರಿ ಮಾಡಬೇಕಿತ್ತು.

ಕಳೆದುಕೊಂಡದ್ದೇನು? 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಮನೆಯವರ ಪಾಲಿಗೆ ಆತ ಸತ್ತ ಹಾಗೆ. ಆದರೆ ಕೌಂಡಿನ್ಯರಿಗೆ ಓದು ಇತ್ತು, ಆಮೇಲೆ ಬಾಸೆಲ್‌ಗೆ ಹೋಗಿ ಕಲಿತು ಪಾದ್ರಿಯಾಗಿ ಮರಳಿದರು. ಕರಾವಳಿಯಲ್ಲಿ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು, ಶೇಂದಿ ಇಳಿಸುವವರು, ಗೇಣಿಗೆ ಬೇಸಾಯ ಮಾಡುವವರು. ಅವರ ಪಾಡು ಬೇರೆ.

ತುಳುನಾಡಿನ ಅಳಿಯಸಂತಾನದಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು, ಇಡೀ ಕುಟುಂಬದ್ದಾಗಿ ಇರುತ್ತಿತ್ತು. ಕುಟುಂಬದಿಂದ ಹೊರಬಿದ್ದವನಿಗೆ ಮನೆಯೂ ಇರಲಿಲ್ಲ, ಪಾಲೂ ಇರಲಿಲ್ಲ. ಮತ ಬದಲಾಯಿಸಿದ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗುವುದಿಲ್ಲ ಎಂದು 1850ರಲ್ಲಿ ಕಂಪೆನಿ ಸರಕಾರ ಕಾಯ್ದೆ ಮಾಡಿತು ನಿಜ. ಆದರೆ ಕಾಯ್ದೆ ಬಾವಿಯ ನೀರು ಸೇದಿ ಕೊಡುತ್ತದೆಯೇ? ಬಾಣಂತಿಗೆ ಬಿಸಿನೀರು ಕಾಯಿಸುತ್ತದೆಯೇ? ಹೆಣಕ್ಕೆ ಹೆಗಲು ಕೊಡುತ್ತದೆಯೇ? ಇದೆಲ್ಲ ಜಾತಿ, ಕುಟುಂಬದ ಕೆಲಸವಾಗಿತ್ತು. ಧಣಿಗಳು ಒಕ್ಕಲೆಬ್ಬಿಸಿದರೆ ಗೇಣಿಯ ಗದ್ದೆಯೂ ಹೋಯಿತು.

ಇದರ ಮೇಲೆ ಇನ್ನೊಂದು. ಕ್ರೈಸ್ತನಾದವನು ಶೇಂದಿ ಇಳಿಸಬಾರದು, ಮಾರಬಾರದು ಎಂದು ಮಿಶನ್ನಿನ ನಿಯಮ. ಅಂದರೆ ಒಂದು ಕಡೆಯಿಂದ ಊರು ಕೈ ಬಿಟ್ಟಿತು, ಇನ್ನೊಂದು ಕಡೆಯಿಂದ ಹೊಸ ಸಭೆಯೇ ಕುಲಕಸುಬನ್ನು ಕಿತ್ತುಕೊಂಡಿತು! ಹಾಗೆ ಕಿತ್ತುಕೊಂಡ ಸಭೆಗೆ ಹೊಟ್ಟೆಯ ದಾರಿ ತೋರಿಸುವ ಹೊಣೆಯೂ ಬಂತು. "ಇದ್ದ ಅಕ್ಕಿಯೂ ಹೋದದ್ದು" ಎಂದು ಅಜ್ಜಿ ಹೇಳಿದ್ದು ಇದನ್ನೇ.

ಹೊಣೆ ಹೊತ್ತದ್ದೇನೋ ಸರಿ, ದಾರಿ ಸುಲಭಕ್ಕೆ ಸಿಗಲಿಲ್ಲ. ಗದಗದ ಹತ್ತಿರ ಮಲಸಮುದ್ರದಲ್ಲಿ 1840ರ ದಶಕದಲ್ಲಿ ಬೇಸಾಯದ ಒಂದು ಕ್ರೈಸ್ತ ಹಳ್ಳಿ ಕಟ್ಟಲು ನೋಡಿದರು, ನಿಲ್ಲಲಿಲ್ಲ. ಮಂಗಳೂರಿನಲ್ಲಿ ಜಮೀನು ಕೊಟ್ಟು ಬೇಸಾಯ ಮಾಡಿಸಿದರು, ಗಡಿಯಾರದ ಕೆಲಸ ಕಲಿಸಿದರು. ಅವೂ ಹೆಚ್ಚು ಜನರಿಗೆ ಅನ್ನ ಕೊಡಲಿಲ್ಲ. 1841ರಲ್ಲಿ ಶುರುವಾದ ಅಚ್ಚುಕೂಟ, ಪುಸ್ತಕ ಕಟ್ಟುವ ಕೆಲಸ ಸ್ವಲ್ಪ ಮಂದಿಗೆ ಸಾಕಾಯಿತು. 1851ರಲ್ಲಿ ಹಾಲರ್ ಎಂಬ ನೇಕಾರ ಬಂದ ಮೇಲೆ ಯುರೋಪಿನ ಮಾದರಿಯ ಮಗ್ಗಗಳಲ್ಲಿ ನೇಯ್ಗೆ ಕುದುರಿತು. ಕೊನೆಗೆ ಅಚ್ಚುಕೂಟದಲ್ಲಿದ್ದ ಪ್ಲೆಬ್ಸ್ಟ್ ಎಂಬಾತ ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ನೋಡಿ, ಹೆಂಚಿನ ವಿದ್ಯೆ ಕಲಿತು ಬಂದು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ್ದು 1865ರಲ್ಲಿ. ಮುಳಿಹುಲ್ಲಿನ ಮಾಡುಗಳ ಊರಿಗೆ ಕೆಂಪು ಹೆಂಚು ಬಂತು. ಆಮೇಲೆ ಕುದ್ರೋಳಿ, ಮಲ್ಪೆ, ಕೇರಳದ ಕಡೆಯೂ ಕಾರ್ಖಾನೆಗಳಾದವು. ಕಾಯಿಲೆ ಬಿದ್ದರೆ ನೆರವಾಗುವ ನಿಧಿ, ಉಳಿತಾಯದ ವ್ಯವಸ್ಥೆ ಕೂಡ ಆ ಕಾರ್ಖಾನೆಗಳಲ್ಲಿ ಬಂತು. ಕ್ರೈಸ್ತರಲ್ಲದವರೂ ಅಲ್ಲಿ ದುಡಿದರು.

ಇಲ್ಲಿಗೆ ನಿಲ್ಲಿಸಿದರೆ ಇದು ಒಳ್ಳೆಯ ಕಥೆ. ಆದರೆ ನಿಲ್ಲಿಸಿದರೆ ಸುಳ್ಳಾಗುತ್ತದೆ.

ಕೆಲಸ ಕೊಡುವವರೇ ಪಾಪ ಪುಣ್ಯವನ್ನೂ ತೂಗುವವರಾದರೆ ಏನಾಗುತ್ತದೆ? ಮಿಶನ್ನಿನ ಶಿಸ್ತು ಬಿಗಿ. ಕುಡಿತ, ಸಾಲ, ಹಳೆಯ ಆಚರಣೆ - ಇವಕ್ಕೆಲ್ಲ ವಿಚಾರಣೆ, ಸಭೆಯಿಂದ ಹೊರಗಿಡುವ ಶಿಕ್ಷೆ. ಸಭೆ, ಮನೆ, ಕೂಲಿ ಮೂರೂ ಒಂದೇ ಹಗ್ಗಕ್ಕೆ ಕಟ್ಟಿದ್ದಾಗ ಆ ಶಿಕ್ಷೆ ಬರೇ ಆತ್ಮಕ್ಕೆ ಮುಟ್ಟುವಂಥದ್ದಾಗಿ ಉಳಿಯುವುದಿಲ್ಲ. ಮಿಶನ್ನಿಗೂ ಇದು ಗೊತ್ತಿತ್ತು. ಸುವಾರ್ತೆಗೆ ಬಂದವರು ನಾವು, ವ್ಯಾಪಾರ ನಮಗೇಕೆ ಎಂಬ ಜಗಳ ಅವರೊಳಗೇ ನಡೆದಿತ್ತು. ಮತ್ತೆ, ಕಾರ್ಖಾನೆ ನಿಂತ ಮೇಲೆ ಕೆಲಸದ ಆಸೆಗೂ ಕೆಲವರು ಬಂದಿರಬಹುದು. ಬಂದಿದ್ದರೆ ನಾಚಿಕೆ ಪಡುವಂಥದ್ದೇನೂ ಇಲ್ಲ, ಹಸಿದವನು ಅನ್ನ ಇರುವ ಕಡೆ ಹೋಗುತ್ತಾನೆ. ಆದರೆ ಒಂದು ಮಾತು ಒಪ್ಪಬೇಕು: ಅಲ್ಲಿ ಕೊಡುವವರು ಒಂದು ಕಡೆ, ತೆಗೆದುಕೊಳ್ಳುವವರು ಇನ್ನೊಂದು ಕಡೆ. ಅದು ನೆರವು. ಪರಸ್ಪರ ನೆರವು ಅಲ್ಲ.

ಪರಸ್ಪರ ನೆರವು ಅಂದರೆ ಏನೆಂದು ತೋರಿಸಿದ್ದು ಒಂದು ಯುದ್ಧ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಶನರಿಗಳು ಬ್ರಿಟಿಷರ ಕಣ್ಣಿಗೆ ಶತ್ರು ದೇಶದವರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಇಟ್ಟು ಆಮೇಲೆ ದೇಶಕ್ಕೆ ಕಳುಹಿಸಿದರು. ಕಾರ್ಖಾನೆಗಳು ಸರಕಾರದ ವಶವಾಗಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಕಂಪೆನಿಯ ಕೈಗೆ ಹೋದವು. ತಂದೆಯ ಹಾಗೆ ಬೈದು, ತಂದೆಯ ಹಾಗೆ ಸಾಕಿದವರು ಇದ್ದಕ್ಕಿದ್ದಂತೆ ಇಲ್ಲ! ಸಭೆಗಳು ಮುಚ್ಚಿ ಹೋಗಬೇಕಿತ್ತಲ್ಲವೇ? ಹೋಗಲಿಲ್ಲ. ಊರಿನ ಪಾದ್ರಿಗಳು, ಉಪದೇಶಿಗಳು, ಸಭಾ ಹಿರಿಯರು, ಮನೆ ಮನೆಯ ಹೆಂಗಸರು ಅದನ್ನು ನಡೆಸಿಕೊಂಡು ಬಂದರು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು, ಕರಾವಳಿಯ ಈ ಸಭೆಗಳು ತಮ್ಮ ಕಾಲ ಮೇಲೆ ನಿಂತು ಅದರೊಳಗೆ ಸೇರಿದವು.

ನಡೆಸಿಕೊಂಡು ಬಂದದ್ದು ಹೇಗೆ? ದೊಡ್ಡ ಪುಸ್ತಕಗಳಲ್ಲಿ ಇದಕ್ಕೆ ಹೆಚ್ಚು ಜಾಗ ಸಿಗುವುದಿಲ್ಲ. ನನಗೆ ಗೊತ್ತಿರುವುದು ನಮ್ಮ ಅಡುಗೆಮನೆಯ ಉತ್ತರ ಮಾತ್ರ.

ನಮ್ಮ ಮನೆಯ ಅಕ್ಕಿ ಮಡಕೆಯ ಪಕ್ಕ ಒಂದು ಸಣ್ಣ ಕುಡಿಕೆ ಇತ್ತು. ದಿನಾ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಆ ಕುಡಿಕೆಗೆ. ಆದಿತ್ಯವಾರ ಅದು ದೇವಾಲಯಕ್ಕೆ ಹೋಗಬೇಕು. ಎಲ್ಲ ಮನೆಯ ಹಿಡಿಯಕ್ಕಿ ಸೇರಿ ಯಾರ ಒಲೆ ಉರಿಯುವುದಿಲ್ಲವೋ ಅವರ ಮನೆಗೆ. ಅಜ್ಜ ತೀರಿಕೊಂಡಾಗ ಅಜ್ಜಿಗೆ ಮೂವತ್ತೆರಡು ವರ್ಷ, ನಾಲ್ಕು ಮಕ್ಕಳು. ಮೂರು ವರ್ಷ ಆ ಅಕ್ಕಿ ನಮ್ಮ ಮನೆಗೇ ಬಂತಂತೆ. ವಿಶೇಷ ಏನೆಂದರೆ, ಆ ಮೂರು ವರ್ಷವೂ ಅಜ್ಜಿ ತನ್ನ ಕುಡಿಕೆಗೆ ಹಿಡಿ ಹಾಕುವುದು ನಿಲ್ಲಿಸಲಿಲ್ಲ. ಬಂದ ಅಕ್ಕಿಯಿಂದಲೇ ಹಿಡಿ ತೆಗೆದು ವಾಪಸು ಹಾಕುವುದು! ಇದೆಂಥ ಲೆಕ್ಕ ಅಜ್ಜಿ ಎಂದು ನಾನು ನಗಾಡಿದ್ದೆ. ಅಜ್ಜಿ ನಗಲಿಲ್ಲ. "ತಗೊಳ್ಳುವವಳೂ ಹಾಕಬೇಕು ಮಗಾ. ಇಲ್ಲದಿದ್ದರೆ ಅದು ಭಿಕ್ಷೆ ಆಗ್ತದೆ."

ಗಲಾತ್ಯದವರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ಪೌಲ ಎರಡು ಮಾತು ಹೇಳುತ್ತಾನೆ. ಒಬ್ಬರ ಭಾರವನ್ನು ಒಬ್ಬರು ಹೊರಬೇಕು ಎಂಬುದು ಒಂದು. ಮೂರು ವಚನ ದಾಟಿದರೆ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕು ಎಂಬುದು ಇನ್ನೊಂದು. ಚಿಕ್ಕಂದಿನಲ್ಲಿ ಇದು ನನಗೆ ತಲೆಬುಡ ಹೊಂದದ ಮಾತಾಗಿ ಕಾಣುತ್ತಿತ್ತು. ಅಜ್ಜಿಯ ಕುಡಿಕೆಯನ್ನು ನೆನೆಸಿಕೊಂಡರೆ ಎರಡೂ ಒಂದೇ ಮಾತು.

ಹಾಗಂತ ಹಳೆಯ ಕಾಲದವರೆಲ್ಲ ಸಂತರು ಎಂದು ನಾನು ಹೇಳುತ್ತಿಲ್ಲ. ಯೆರೂಸಲೇಮಿನ ಮೊದಲ ಸಭೆಯಲ್ಲಿ ಎಲ್ಲರೂ ಇದ್ದದ್ದನ್ನು ಹಂಚಿಕೊಂಡು ಬದುಕುತ್ತಿದ್ದರು ಎಂದು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಅದೇ ಪುಸ್ತಕದ ಆರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಜಗಳ ಶುರು. ಗ್ರೀಕ್ ಭಾಷೆಯವರ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಕಡೆಗಣಿಸುತ್ತಿದ್ದಾರೆ ಎಂಬ ದೂರು. ಅಪೊಸ್ತಲರು ದೂರಿದವರನ್ನು ಗದರಿಸಲಿಲ್ಲ, ಹಂಚುವುದಕ್ಕೆ ಏಳು ಜನರನ್ನು ಆರಿಸಲು ಹೇಳಿದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು! ಅಂದರೆ ಊಟ ಸಿಗುತ್ತಿಲ್ಲ ಎಂದವರ ಕಡೆಯವರ ಕೈಗೇ ಬಡಿಸುವ ಸೌಟು ಕೊಟ್ಟ ಹಾಗೆ. ಈ ಕಥೆ ನನಗೆ ಕಾರ್ಖಾನೆಗಳ ಕಥೆಗಿಂತ ದೊಡ್ಡದಾಗಿ ಕಾಣುತ್ತದೆ.

ಈಗ ಹೆಂಚಿನ ಕಾಲ ಹೆಚ್ಚುಕಡಿಮೆ ಮುಗಿದಿದೆ. ಎಲ್ಲರ ಮನೆಗೂ ತಾರಸಿ, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ನಮ್ಮ ಮಕ್ಕಳು ಬೆಂಗಳೂರು, ದುಬೈ ಸೇರಿದ್ದಾರೆ. ಬೆಳೆ ಹಬ್ಬದ ಏಲಂನಲ್ಲಿ ಒಂದು ಹಲಸಿನಕಾಯಿಗೆ ಸಾವಿರ ರೂಪಾಯಿ ಕೂಗುವ ಶಕ್ತಿ ನಮಗೆ ಬಂದಿದೆ, ಸಂತೋಷ. ಆದರೆ ಮೊನ್ನೆ ಒಂದು ಆದಿತ್ಯವಾರ, ನಮ್ಮ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹಿರಿಯರು ಆಸ್ಪತ್ರೆಯಿಂದ ಮನೆಗೆ ಬಂದು ಎರಡು ತಿಂಗಳಾಯಿತು ಎಂಬುದು ನನಗೆ ಗೊತ್ತಾಯಿತು. ಎರಡು ತಿಂಗಳು ಆ ಬೆಂಚು ಖಾಲಿ ಇತ್ತು, ನಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಹೋದಾಗ ಅವರು ದೂರಲಿಲ್ಲ. ಹೊರಡುವಾಗ ನಾಲ್ಕು ನುಗ್ಗೆಕಾಯಿ ಕೊಯ್ಯಿಸಿ ಚೀಲಕ್ಕೆ ಹಾಕಿ ಕೊಟ್ಟರು. ಬೇಡ ಎನ್ನಲು ಬಾಯಿ ತೆರೆದವನಿಗೆ ಅಜ್ಜಿಯ ಮಾತು ನೆನಪಾಗಿ ಸುಮ್ಮನೆ ತೆಗೆದುಕೊಂಡೆ.

ಆ ಗೆಳೆಯ ಈಗಲೂ ಸಿಗುತ್ತಾನೆ. ಏಳನೇ ಕ್ಲಾಸಿನ ಮಾತು ಅವನಿಗೆ ನೆನಪಿಲ್ಲ. ಅವನ ಮನೆಯ ಮಾಡಿಗೂ ಅದೇ ಕೆಂಪು ಹೆಂಚು ಇತ್ತು, ಊರಿನ ಹೆಚ್ಚಿನ ಮನೆಗಳಿಗೆ ಇದ್ದ ಹಾಗೆ. ಈಗ ಅವನು ಕೇಳಿದರೆ ನನ್ನಲ್ಲಿ ಉತ್ತರ ಉಂಟು. ಅಕ್ಕಿಗಾಗಿ ಬಿಟ್ಟದ್ದಲ್ಲ ಮಾರಾಯ, ಬಿಟ್ಟ ಮೇಲೆ ಅಕ್ಕಿಯನ್ನು ಹಿಡಿ ಹಿಡಿಯಾಗಿ ಕೂಡಿಸಿಕೊಂಡದ್ದು.

ಇಳಿಸಿದ ಹೆಂಚುಗಳಲ್ಲಿ ಒಡೆಯದೆ ಉಳಿದವನ್ನು ಪಕ್ಕದ ಮನೆಯವರ ದನದ ಕೊಟ್ಟಿಗೆಗೆ ಕೊಟ್ಟೆವು. ಹೆಸರು ಅಚ್ಚಾಗಿದ್ದ ಒಂದನ್ನು ಮಾತ್ರ ನಾನು ಇಟ್ಟುಕೊಂಡಿದ್ದೇನೆ. ಮನೆಯಾಕೆಗೆ ಹೇಳಿ ಅಕ್ಕಿ ಡಬ್ಬಿಯ ಪಕ್ಕ ಒಂದು ಕುಡಿಕೆಯನ್ನೂ ಇಡಿಸಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಪದ್ಧತಿ ಇತ್ತೇ? ಹಿರಿಯರಿದ್ದರೆ ಒಮ್ಮೆ ಕೇಳಿ ನೋಡಿ.